ಕಂಟ್ರೋಲರ್ ಕೊಳ್ಳೋ ಮುಂಚೆ ಸ್ಟಿಕ್ ಒಳಗೆ ಏನಿದೆ ನೋಡಿ

ಸ್ಟಿಕ್ ಮುಟ್ಟದೇ ಇದ್ರೂ ಗೇಮ್‌ನಲ್ಲಿರೋ ಹೀರೋ ತಾನಾಗೇ ನಡೀತಿದಾನಾ? ಅದೇ ಡ್ರಿಫ್ಟ್. ಸಾಮಾನ್ಯ ಸ್ಟಿಕ್ ಒಳಗೆ ಇಂಗಾಲದ ಪಟ್ಟಿ ಮೇಲೆ ಲೋಹದ ತುದಿ ಉಜ್ಜುತ್ತಾ ಇರುತ್ತೆ. ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತೆ, ಸಿಗ್ನಲ್ ತಪ್ಪುತ್ತೆ.

ಎಯ್ಟ್‌ಬಿಟ್‌ಡೂ ಕಂಪನಿಯ ಅಲ್ಟಿಮೇಟ್ 2ಸಿ ವೈರ್‌ಲೆಸ್ ಕಂಟ್ರೋಲರ್‌ನಲ್ಲಿ ಇರೋದು ಹಾಲ್ ಎಫೆಕ್ಟ್ ಸ್ಟಿಕ್. ಆಯಸ್ಕಾಂತ ಎತ್ತ ವಾಲಿತು ಅನ್ನೋದನ್ನ ಸೆನ್ಸರ್ ಮುಟ್ಟದೇನೇ ಅಳೆಯುತ್ತೆ. 1879ರಲ್ಲಿ ಎಡ್ವಿನ್ ಹಾಲ್ ಕಂಡುಕೊಂಡ ವಿದ್ಯಮಾನ ಇದು. ಕಡಿಮೆ ಬೆಲೆಯ ಕಂಟ್ರೋಲರ್‌ಗೂ ಇದು ಬಂದಿರೋದು ನನಗಂತೂ ದೊಡ್ಡ ಖುಷಿ.

ಪಿಸಿಯಲ್ಲಿ ಆಡೋದಾದ್ರೆ ಜೊತೆಗೆ ಬರೋ 2.4 ಗಿಗಾಹರ್ಟ್ಸ್ ಡಾಂಗಲ್ ಹಾಕಿ. ಆದ್ರೆ ಈ ಕಂಟ್ರೋಲರ್ ವಿಂಡೋಸ್, ಆಂಡ್ರಾಯ್ಡ್‌ಗೆ ಮಾಡಿದ್ದು. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್ ಇರೋರು ಇದನ್ನ ಕೊಳ್ಳಬೇಡಿ.

ಬಾಕ್ಸ್ ಬಿಚ್ಚಿದ ತಕ್ಷಣ ಸ್ಟಿಕ್ ಪೂರ್ತಿ ವಾಲಿಸಿ, ಬಿಟ್ಟುಬಿಡಿ. ಸರಿಯಾಗಿ ನಡುವಿಗೆ ಬಂದು ನಿಲ್ಲದಿದ್ರೆ, ರಿಟರ್ನ್ ಅವಧಿ ಮುಗಿಯೋದರೊಳಗೆ ವಾಪಸ್ ಕಳಿಸಿ.