ಮುಖವಾಡದ ಚೆನ್ ಜೆನ್

ಚೆನ್ ಜೆನ್ ಎಂಬ ಮನುಷ್ಯ ಹುಟ್ಟಲೇ ಇಲ್ಲ. 1972ರ ‘ಫಿಸ್ಟ್ ಆಫ್ ಫ್ಯೂರಿ’ ಚಿತ್ರಕ್ಕಾಗಿ ಕಟ್ಟಿದ ಪಾತ್ರ ಅದು. ಅವನ ಸಮರಕಲೆಯ ಗುರು ಹುವೋ ಯುವಾನ್‌ಜಿಯಾ ಮಾತ್ರ ನಿಜವಾಗಿ ಬದುಕಿದ್ದವರು. ಶಾಂಘೈನ ಜಿಂಗ್‌ವು ವ್ಯಾಯಾಮ ಸಂಘ ಇಂದಿಗೂ ಅವರ ಹೆಸರು ಹೇಳುತ್ತದೆ. 1910ರಲ್ಲಿ ಅವರು ತೀರಿಕೊಂಡಾಗ ಜಪಾನೀಯರು ವಿಷವಿಕ್ಕಿದರೆಂಬ ಸುದ್ದಿ ಹಬ್ಬಿತು. ಸಿನಿಮಾದವರಿಗೆ ಅಷ್ಟು ಸಾಕು. ಚೆನ್ ಜೆನ್ ಆಗಿ ಸೇಡಿಗೆ ಹೊರಟ ಬ್ರೂಸ್ ಲೀ ಕೊನೆಗೆ ಬಂದೂಕುಗಳ ಮೇಲೆ ನೆಗೆಯುತ್ತಾನೆ. ದೃಶ್ಯ ಆ ನೆಗೆತದಲ್ಲೇ ನಿಂತುಬಿಡುತ್ತದೆ, ಗುಂಡಿನ ಸದ್ದಷ್ಟೇ ಕೇಳುತ್ತದೆ.

ಅವನು ಸಾಯಲಿಲ್ಲ ಎಂದುಕೊಂಡೇ ಹೊರಡುತ್ತದೆ 2010ರ ‘ಲೆಜೆಂಡ್ ಆಫ್ ದಿ ಫಿಸ್ಟ್’. ನಿರ್ದೇಶನ ಆಂಡ್ರ್ಯೂ ಲಾವ್ ಅವರದು, ಚೆನ್ ಜೆನ್ ಪಾತ್ರದಲ್ಲಿ ಡಾನಿ ಯೆನ್. ಕಥೆ ತೆರೆದುಕೊಳ್ಳುವುದು ಮೊದಲ ಮಹಾಯುದ್ಧದ ಫ್ರಾನ್ಸಿನಲ್ಲಿ. ಕೂಲಿಯಾಗಿ ಬಂದ ಅವನು ಗುಂಡಿನ ಮಳೆಯ ನಡುವೆ ಗೋಡೆ ಹತ್ತಿ ಜರ್ಮನ್ ಸೈನಿಕರ ಮೇಲೆ ಬೀಳುವುದು ಶುದ್ಧ ಸಿನಿಮಾ. ಚೀನೀ ಕೂಲಿಗಳು ಅಲ್ಲಿದ್ದದ್ದು ಮಾತ್ರ ನಿಜ. ಬ್ರಿಟನ್ ಮತ್ತು ಫ್ರಾನ್ಸ್ ಸುಮಾರು 1,40,000 ಮಂದಿಯನ್ನು ಕಂದಕ ತೋಡಲು, ಸಾಮಾನು ಹೊರಲು ಕರೆಸಿಕೊಂಡಿದ್ದವು. ಅಷ್ಟು ದುಡಿದದ್ದಕ್ಕೆ ಚೀನಾಕ್ಕೆ ಸಿಕ್ಕಿದ್ದೇನು? 1919ರ ವರ್ಸೇಲ್ಸ್ ಒಪ್ಪಂದ ಶಾನ್‌ಡಾಂಗ್ ಪ್ರಾಂತ್ಯದಲ್ಲಿ ಜರ್ಮನಿಗಿದ್ದ ಹಕ್ಕುಗಳನ್ನು ಜಪಾನಿನ ಕೈಗೆ ಹಾಕಿತು. ಬೀಜಿಂಗಿನ ವಿದ್ಯಾರ್ಥಿಗಳು ಬೀದಿಗಿಳಿದರು. ಚಿತ್ರದುದ್ದಕ್ಕೂ ಕುದಿಯುವ ಸಿಟ್ಟಿನ ಬೇರು ಇಲ್ಲಿದೆ.

ಯುದ್ಧದಲ್ಲಿ ಸತ್ತ ಗೆಳೆಯನ ಹೆಸರು ಹೊತ್ತು ಚೆನ್ ಜೆನ್ 1920ರ ದಶಕದ ಶಾಂಘೈಗೆ ಮರಳುತ್ತಾನೆ. ‘ಕಾಸಾಬ್ಲಾಂಕಾ’ ಎಂಬ ಕ್ಲಬ್ಬಿನಲ್ಲಿ ಪಿಯಾನೊ ನುಡಿಸುತ್ತಾನೆ, ರಾತ್ರಿ ಮುಖವಾಡ ತೊಟ್ಟು ಜಪಾನೀಯರ ಹತ್ಯಾಪಟ್ಟಿಯಲ್ಲಿರುವವರನ್ನು ಕಾಯಲು ಹೊರಡುತ್ತಾನೆ. ಇಲ್ಲಿ ಚಿತ್ರ ಇತಿಹಾಸವನ್ನು ಹಿಂದಕ್ಕೆಳೆದಿದೆ. ಜಪಾನಿನ ಸೇನೆ ಶಾಂಘೈ ಮೇಲೆ ಎರಗಿದ್ದು 1932ರಲ್ಲಿ, ನಗರದ ಚೀನೀ ಭಾಗವನ್ನು ವಶಪಡಿಸಿಕೊಂಡದ್ದು 1937ರಲ್ಲಿ. ವಿದೇಶೀಯರ ಅಂತರರಾಷ್ಟ್ರೀಯ ವಸಾಹತನ್ನು ಅದು ಪೂರ್ತಿಯಾಗಿ ಹಿಡಿದದ್ದು 1941ರ ಡಿಸೆಂಬರಿನಲ್ಲಿ. ಅದಕ್ಕೆ ಮುಂಚೆ ಅಲ್ಲಿ ನಡೆಯುತ್ತಿದ್ದದ್ದು ಹೆಚ್ಚಾಗಿ ಬ್ರಿಟಿಷರ ಮಾತು. 1925ರ ಮೇ 30ರಂದು ನಾನ್‌ಜಿಂಗ್ ರಸ್ತೆಯಲ್ಲಿ ಪ್ರತಿಭಟನಕಾರರ ಮೇಲೆ ಗುಂಡು ಹಾರಿಸಿದ್ದು ಬ್ರಿಟಿಷ್ ಅಧಿಕಾರಿಯ ಕೈಕೆಳಗಿನ ಸಿಖ್ ಮತ್ತು ಚೀನೀ ಪೊಲೀಸರು. ಆದರೆ ಆ ಸಿಟ್ಟಿಗೆ ಕಿಡಿ ಹೊತ್ತಿದ್ದು ಜಪಾನೀ ಹತ್ತಿ ಗಿರಣಿಯೊಂದರಲ್ಲಿ ಚೀನೀ ಕಾರ್ಮಿಕ ಗುಂಡೇಟಿಗೆ ಸತ್ತಾಗ. ಹಲವು ದೊರೆಗಳ ಈ ಗೋಜಲು ಮುಷ್ಟಿಕಾಳಗಕ್ಕೆ ಒಗ್ಗುವುದಿಲ್ಲ. ಚಿತ್ರಕ್ಕೆ ಒಬ್ಬನೇ ಶತ್ರು ಬೇಕಿತ್ತು.

ಮುಖವಾಡದ ಕಥೆಯೇ ನನಗೆ ಹೆಚ್ಚು ಇಷ್ಟ. ಕರಿ ಸೂಟು, ಕರಿ ಟೋಪಿ, ಕಣ್ಣಿನ ಸುತ್ತ ಕರಿಪಟ್ಟಿ: 1966-67ರ ಅಮೆರಿಕದ ಟಿವಿ ಧಾರಾವಾಹಿ ‘ದಿ ಗ್ರೀನ್ ಹಾರ್ನೆಟ್’ನಲ್ಲಿ ಬ್ರೂಸ್ ಲೀ ಧರಿಸಿದ್ದ ವೇಷವೇ ಇದು. ಅಲ್ಲಿ ಅವನು ಕೇಟೊ, ಬಿಳಿ ಧಣಿಯ ಕಾರು ಓಡಿಸುವ ಆಳು. ಹಾಂಗ್‌ಕಾಂಗಿನ ಜನ ಆ ಧಾರಾವಾಹಿಗೆ ಕೇಟೊನ ಹೆಸರನ್ನೇ ಇಟ್ಟುಕೊಂಡರು, ಧಣಿಯನ್ನು ಯಾರೂ ಲೆಕ್ಕಕ್ಕಿಟ್ಟುಕೊಳ್ಳಲಿಲ್ಲ. ಡಾನಿ ಯೆನ್ ತೊಟ್ಟಾಗ ಅದು ಯಾರ ಚಾಕರಿಯದೂ ಅಲ್ಲದ ಮುಖವಾಡವಾಯಿತು.

ಹೊಡೆದಾಟ ಸೊಗಸಾಗಿದೆ, ಪ್ರೇಮಕಥೆ ಎಳೆದಂತಿದೆ. 1994ರಲ್ಲಿ ಜೆಟ್ ಲೀ ನಟಿಸಿದ ‘ಫಿಸ್ಟ್ ಆಫ್ ಲೆಜೆಂಡ್’ ನೋಡಿದವರಿಗೆ ಇನ್ನೊಂದು ಕೊರತೆಯೂ ಕಾಣುತ್ತದೆ. ಅಲ್ಲಿನ ಚೆನ್ ಜೆನ್ ಜಪಾನಿನಲ್ಲಿ ಓದಿದವನು, ಜಪಾನೀ ಹುಡುಗಿಯನ್ನು ಪ್ರೀತಿಸಿದವನು. ಮುದಿ ಜಪಾನೀ ಗುರುವೊಬ್ಬ ಅವನೊಡನೆ ಸೆಣಸಿಯೂ ಗೌರವ ಕೊಡುತ್ತಾನೆ. 2010ರ ಚಿತ್ರದಲ್ಲಿ ಕನಿಕರಕ್ಕೆ ಪಾತ್ರಳಾಗುವ ಜಪಾನೀ ಹೆಣ್ಣು ಅವನ ಪ್ರೇಯಸಿ ಕಿಕಿ ಒಬ್ಬಳೇ, ಅವಳೂ ಗೂಢಚಾರಿಣಿ.