ಇನ್ಸುಲಿನ್ ಬಾಟಲಿಗೆ ಜಾಗ ಎಲ್ಲಿ?

ಇನ್ಸುಲಿನ್ ಒಂದು ಪ್ರೋಟೀನು. ಅದರ ಎರಡು ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ತಮ್ಮದೇ ಆಕಾರದಲ್ಲಿ ಮಡಚಿಕೊಂಡಿದ್ದರೆ ಮಾತ್ರ ರಕ್ತದ ಸಕ್ಕರೆ ಇಳಿಯುತ್ತದೆ. ಬಿಸಿ ತಗುಲಿದರೆ ಈ ಆಕಾರ ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಕೆಡುತ್ತದೆ. ಹೆಪ್ಪುಗಟ್ಟಿದರೆ ಒಂದೇ ರಾತ್ರಿಯಲ್ಲಿ ಕೆಟ್ಟು ಹೋಗುತ್ತದೆ. ಮನೆಯಲ್ಲಿ ಇನ್ಸುಲಿನ್ ಕಾಪಾಡುವ ವಿದ್ಯೆಯೆಲ್ಲ ಈ ವ್ಯತ್ಯಾಸದ ಮೇಲೆ ನಿಂತಿದೆ.

ಸೊಲ್ಲಾಪುರದಿಂದ ವಿಜಯಪುರದ ಕಡೆ ಹೋಗುವ ದಾರಿಯಲ್ಲಿರುವ ಮಂದ್ರೂಪದಂಥ ಊರುಗಳಲ್ಲಿ ಈ ವಿದ್ಯೆ ಬೇಸಿಗೆಯಲ್ಲಿ ನಿಜವಾದ ಪರೀಕ್ಷೆಗೆ ಒಳಗಾಗುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಇಲ್ಲಿ ಉಷ್ಣತೆ 40 ಡಿಗ್ರಿ ದಾಟುವುದು ಹೊಸದಲ್ಲ. ತಗಡಿನ ಮನೆಯ ಒಳಗೆ ಮಧ್ಯಾಹ್ನ ಕೂರಲಾಗುವುದಿಲ್ಲ; ಮಣ್ಣಿನ ಮಾಳಿಗೆಯ ಮನೆಯಲ್ಲಿ ನಡುಮನೆ ಅಷ್ಟಿಷ್ಟು ತಂಪಾಗಿರುತ್ತದೆ. ಕರೆಂಟು ಹೋದರೆ ಫ್ರಿಜ್ ಬರೀ ಕಪಾಟು. ಇದರ ಜೊತೆಗೆ ಭಾಷೆಯ ತೊಡಕೂ ಇದೆ. ಮನೆಮಾತು ಕನ್ನಡ, ಪೇಟೆಯ ಮಾತು ಮರಾಠಿ, ಔಷಧಿಯ ಡಬ್ಬಿಯೊಳಗಿನ ಚೀಟಿ ಇಂಗ್ಲಿಷು. ‘ತಂಪಾದ ಕಡೆ ಇಡಿ’ ಎಂಬ ಒಂದೇ ಮಾತು ಉಳಿದು ಮಿಕ್ಕ ವಿವರ ದಾರಿಯಲ್ಲೇ ಕಳೆದುಹೋಗುತ್ತದೆ. ತಂಪು ಒಳ್ಳೆಯದಾದರೆ ಇನ್ನಷ್ಟು ತಂಪು ಇನ್ನೂ ಒಳ್ಳೆಯದು ಎಂದುಕೊಂಡು ಬಾಟಲಿಯನ್ನು ಮಂಜಿನ ಖಾನೆಗೆ ಸೇರಿಸುವುದು ಇಂಥ ಅರ್ಧ ತಿಳಿವಳಿಕೆಯ ಫಲ.

ಮೊದಲು ಅಳತೆ ಗೊತ್ತಿರಬೇಕು. ಬಾಯಿ ತೆರೆಯದ ಬಾಟಲಿ, ಪೆನ್ನು, ಕಾರ್ಟ್ರಿಜ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ ಡಬ್ಬಿಯ ಮೇಲೆ ಅಚ್ಚಾದ ದಿನಾಂಕದವರೆಗೆ ಬಾಳುತ್ತವೆ. ಬಳಸಲು ತೊಡಗಿದ ಮೇಲೆ ಲೆಕ್ಕ ಬೇರೆ. ಆಗ 25ರಿಂದ 30 ಡಿಗ್ರಿಯೊಳಗೆ ಹೊರಗಿದ್ದರೂ ಸಾಮಾನ್ಯವಾಗಿ 28 ದಿನ ನಡೆಯುತ್ತದೆ. ಕೆಲವು ಬಗೆಗಳಿಗೆ ಅವಧಿ ಇನ್ನೂ ಹೆಚ್ಚು, ಆದ್ದರಿಂದ ಆಯಾ ಚೀಟಿಯಲ್ಲಿ ಬರೆದದ್ದೇ ಕೊನೆಯ ಮಾತು. ಆದರೆ ಫ್ರಿಜ್‌ನಲ್ಲೇ ಇದ್ದರೂ ತೆರೆದ ಬಾಟಲಿಗೆ ಈ ಗಡುವು ತಪ್ಪುವುದಿಲ್ಲ. 10 ಮಿಲಿಯ ಬಾಟಲಿಯಲ್ಲಿ, ಒಂದು ಮಿಲಿಗೆ 40 ಯೂನಿಟ್‌ನಂತೆ, 400 ಯೂನಿಟ್ ಇರುತ್ತದೆ. ದಿನಕ್ಕೆ 20 ಯೂನಿಟ್ ತೆಗೆದುಕೊಳ್ಳುವವರಿಗೆ ಅದು 20 ದಿನಕ್ಕೆ ಮುಗಿಯುತ್ತದೆ, ಚಿಂತೆಯಿಲ್ಲ. ದಿನಕ್ಕೆ 10 ಯೂನಿಟ್ ಸಾಕಾದವರಿಗೆ 40 ದಿನ ಬರುತ್ತದೆ; ತಳದಲ್ಲಿ ಉಳಿದ ಔಷಧಿಯನ್ನು ದುಡ್ಡು ಕೊಟ್ಟು ತಂದದ್ದೆಂದು ಚುಚ್ಚಿಕೊಳ್ಳುತ್ತ ಹೋಗುವುದು ಇಲ್ಲೇ. ಬಾಟಲಿ ತೆರೆದ ದಿನವನ್ನು ಒಂದು ತುಂಡು ಪಟ್ಟಿಯ ಮೇಲೆ ಬರೆದು ಅಂಟಿಸಿದರೆ ಈ ಮರೆವು ತಪ್ಪುತ್ತದೆ.

ಫ್ರಿಜ್ ಇದ್ದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಹಳ್ಳಿಮನೆಗಳಲ್ಲಿ ಹೆಚ್ಚಾಗಿ ಕಾಣುವ ಒಂಟಿ ಬಾಗಿಲಿನ ಫ್ರಿಜ್‌ನಲ್ಲಿ ಮೇಲ್ಗಡೆ ಮಂಜಿನ ಖಾನೆ, ಅದರ ಕೆಳಗೆ ಒಂದು ತಟ್ಟೆ. ಹಿಂಬದಿಯ ಗೋಡೆಯ ಮೇಲೆ ಹನಿ ಕಟ್ಟಿ ಒಮ್ಮೊಮ್ಮೆ ಹೆಪ್ಪಾಗಿ ನಿಲ್ಲುತ್ತದೆ. ಆ ಗೋಡೆಗೆ ಒರಗಿದ ಬಾಟಲಿ ಬೆಳಗಾಗುವಷ್ಟರಲ್ಲಿ ಹೆಪ್ಪುಗಟ್ಟಬಹುದು, ಹಗಲು ಬಾಗಿಲು ತೆರೆದು ಮುಚ್ಚುವಾಗ ಮತ್ತೆ ಕರಗಿ ನೋಡುವವರಿಗೆ ಏನೂ ಆಗಿಲ್ಲದಂತೆ ಕಾಣಬಹುದು. ಹೀಗಾಗುವುದು ಬಡವರ ಹಳೆಯ ಫ್ರಿಜ್‌ನಲ್ಲಿ ಮಾತ್ರವಲ್ಲ. 2018ರಲ್ಲಿ ಬರ್ಲಿನ್‌ನಲ್ಲಿ ನಡೆದ ಯುರೋಪಿನ ಮಧುಮೇಹ ತಜ್ಞರ ಸಮ್ಮೇಳನದಲ್ಲಿ, ಫ್ರಿಜ್‌ನಲ್ಲಿಟ್ಟ ಹಾಗೂ ಜೊತೆಗೆ ಒಯ್ಯುವ ಇನ್ಸುಲಿನ್ ಪಕ್ಕ ಉಷ್ಣತಾಮಾಪಕ ಇಟ್ಟು ಪಡೆದ 400 ದಾಖಲೆಗಳನ್ನು ಮಂಡಿಸಿದರು. ಅವುಗಳಲ್ಲಿ 315ರಲ್ಲಿ ಉಷ್ಣತೆ ಮಿತಿ ಮೀರಿತ್ತು.

ಹಾಗಾಗಿ ಬಾಟಲಿಯನ್ನು ಅದರದೇ ಡಬ್ಬಿಯಲ್ಲಿಟ್ಟು, ಆ ಡಬ್ಬಿಯನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದಲ್ಲಿಟ್ಟು, ನಡುವಿನ ಹಲಗೆಯ ಮುಂಭಾಗದಲ್ಲಿ, ಗೋಡೆಗೆ ತಾಗದಂತೆ ಇಡುವುದು ಸರಿ. ಬಾಗಿಲಿನ ಖಾನೆಯಲ್ಲಿ ಉಷ್ಣತೆ ಏರಿಳಿಯುತ್ತಿರುತ್ತದೆ, ನಿಜ. ಆದರೂ ತರಕಾರಿಯೂ ಹೆಪ್ಪುಗಟ್ಟುವಂಥ ಹಳೆಯ ಫ್ರಿಜ್ ಆದರೆ, ಹಿಂಬದಿಗಿಂತ ಬಾಗಿಲೇ ಲೇಸು. ಕರೆಂಟು ಹೋದಾಗ ಬಾಗಿಲು ತೆರೆಯದೆ ಬಿಟ್ಟರೆ ಒಳಗಿನ ತಂಪು ಸುಮಾರು ನಾಲ್ಕು ತಾಸು ನಿಲ್ಲುತ್ತದೆ. ಅಷ್ಟು ಹೊತ್ತಿನಲ್ಲಿ ಔಷಧಿಗೆ ಏನೂ ಆಗುವುದಿಲ್ಲ. ಗಾಬರಿಬಿದ್ದು ಮಂಜುಗಡ್ಡೆಯಲ್ಲಿ ಹೂತರೆ ಮಾತ್ರ ಕೆಡುತ್ತದೆ.

ಫ್ರಿಜ್ಜೇ ಇಲ್ಲದ ಮನೆಗೆ ಗಡಿಗೆ ಇದೆ. ಬೇಸಿಗೆಯಲ್ಲಿ ಹರವಿಯ ನೀರು ತಣ್ಣಗಿರುವುದು ಈ ಸೀಮೆಯ ಕೂಸಿಗೂ ಗೊತ್ತು. ಮಣ್ಣಿನ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಗಡಿಗೆಯ ಶಾಖವನ್ನು ಹೊತ್ತೊಯ್ಯುತ್ತದೆ. ಒಣಹವೆ ಇದ್ದಷ್ಟೂ ಇದು ಚುರುಕಾಗಿ ನಡೆಯುತ್ತದೆ, ಸೊಲ್ಲಾಪುರದ ಬೇಸಿಗೆಯಾದರೋ ಒಣ ಬೇಸಿಗೆ. ದೊಡ್ಡ ಗಡಿಗೆಯ ತಳಕ್ಕೆ ಉಸುಕು ಹಾಕಿ, ಅದರೊಳಗೆ ಸಣ್ಣ ಗಡಿಗೆ ಕೂರಿಸಿ, ನಡುವಿನ ಸಂದಿಗೂ ಉಸುಕು ತುಂಬಿ ಬೆಳಿಗ್ಗೆ ಸಂಜೆ ನೀರು ಹನಿಸಬೇಕು. ಬಾಟಲಿಯನ್ನು ಬಿಗಿಯಾದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಒಳಗಡಿಗೆಯಲ್ಲಿ ಇಳಿಸಿ, ಮೇಲೆ ತೊಯ್ದ ಗೋಣಿ ತಟ್ಟು ಮುಚ್ಚಬೇಕು. ಗಡಿಗೆಗೆ ನೆರಳು ಬೇಕು, ಗಾಳಿಯೂ ಬೇಕು. ಕಿಟಕಿಯಿಲ್ಲದ ಮೂಲೆಯಲ್ಲಿ ಅದು ಸರಿಯಾಗಿ ತಣಿಯುವುದಿಲ್ಲ. ಗಡಿಗೆ 8 ಡಿಗ್ರಿಗೆ ಇಳಿಯದು, ಆದರೆ ಹೊರಗಿನ ಬಿಸಿಗಿಂತ ಹಲವು ಡಿಗ್ರಿ ಕೆಳಗಿರುತ್ತದೆ, ಮತ್ತು ಎಂದೂ ಹೆಪ್ಪುಗಟ್ಟಿಸುವುದಿಲ್ಲ. ಬಳಕೆಯಲ್ಲಿರುವಾಗ ಫ್ರಿಜ್‌ನಲ್ಲಿ ಇಡಬಾರದೆಂದು ಚೀಟಿ ಹೇಳುವ ಪೆನ್ನುಗಳಿಗೂ ಇದು ತಕ್ಕ ಜಾಗ. ಇಂಥ ಮನೆಯವರು ಒಂದೊಂದೇ ಬಾಟಲಿ ತರುವುದು ಒಳ್ಳೆಯದು.

ಇಷ್ಟು ತಂಪು ಸಾಕೇ ಎಂಬ ಪ್ರಶ್ನೆಗೆ ಈಚಿನ ಉತ್ತರ ಸಮಾಧಾನ ತರುವಂಥದು. ಉತ್ತರ ಕೀನ್ಯಾದ ದಗಹಲೆ ನಿರಾಶ್ರಿತರ ಶಿಬಿರದಲ್ಲಿ ಮನೆಯೊಳಗಿನ ಉಷ್ಣತೆ ದಿನವಿಡೀ 25ರಿಂದ 37 ಡಿಗ್ರಿಯ ನಡುವೆ ಏರಿಳಿಯುತ್ತದೆ. ‘ಗಡಿಗಳಿಲ್ಲದ ವೈದ್ಯರು’ ಸಂಸ್ಥೆ ಮತ್ತು ಜಿನೀವಾ ವಿಶ್ವವಿದ್ಯಾಲಯದವರು ಅದೇ ಏರಿಳಿತವನ್ನು ಪ್ರಯೋಗಾಲಯದಲ್ಲಿ ನಿರ್ಮಿಸಿ ಇನ್ಸುಲಿನ್ ಪರೀಕ್ಷಿಸಿದರು. ನಾಲ್ಕು ವಾರದ ನಂತರವೂ ಅದರ ಶಕ್ತಿ ಫ್ರಿಜ್‌ನಲ್ಲಿದ್ದ ಔಷಧಿಯಷ್ಟೇ ಇತ್ತು. ಇದು 2021ರಲ್ಲಿ ಪ್ರಕಟವಾಯಿತು. ಹಾಗೆಂದು ಬಿಸಿಲಿಗೆ ಇಡಬಹುದು ಎಂದಲ್ಲ. ಗಾಡಿಯ ಡಿಕ್ಕಿ, ಬಸ್ಸಿನ ಕಿಟಕಿ, ಒಲೆಯ ಪಕ್ಕದ ಗೂಡು, ಟಿವಿಯ ಮೇಲಿನ ಹಲಗೆ 37 ಡಿಗ್ರಿಯನ್ನು ಸುಲಭವಾಗಿ ಮೀರುತ್ತವೆ.

ಸೊಲ್ಲಾಪುರದ ಮೆಡಿಕಲ್‌ನಿಂದ ಊರಿಗೆ ಔಷಧಿ ತರುವವರು ಬಿಸಿಲಿಳಿದ ಮೇಲೆ ಹೊರಡುವುದು ಮೇಲು. ಅಂಗಡಿಯವರು ಕೊಡುವ ಮಂಜಿನ ಪೊಟ್ಟಣಕ್ಕೂ ಬಾಟಲಿಗೂ ನಡುವೆ ಬಟ್ಟೆಯ ಮಡಿಕೆ ಇರಲೇಬೇಕು. ಹೊಲಕ್ಕೆ ಹೋಗುವಾಗ ಅಗಲ ಬಾಯಿಯ ಥರ್ಮಾಸ್ ಸಾಕು. ಪೆನ್ನಿಗೆ ಸೂಜಿ ಸಿಕ್ಕಿಸಿಯೇ ಇಟ್ಟರೆ ಒಳಗೆ ಗಾಳಿ ಸೇರುತ್ತದೆ, ಔಷಧಿ ಸೋರುತ್ತದೆ.

ಚುಚ್ಚಿಕೊಳ್ಳುವ ಮೊದಲು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ತಿಳಿಯಾದ ಇನ್ಸುಲಿನ್ ನೀರಿನಂತೆ ಇರಬೇಕು. ಮಸುಕಾಗಿದ್ದರೆ, ಬಣ್ಣ ಬಂದಿದ್ದರೆ ಬೇಡ. ಹಾಲಿನಂತಿರುವ ಬಗೆಯನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿದಾಗ ಒಂದೇ ಸಮನಾಗಬೇಕು. ಆಮೇಲೂ ಹರಳು ತೇಲಿದರೆ, ತಳದಲ್ಲಿ ಗಸಿ ನಿಂತರೆ, ಗಾಜಿಗೆ ಮಂಜು ಮೆತ್ತಿದಂತೆ ಕಂಡರೆ ಅದು ಕೆಟ್ಟಿದೆ. ಒಮ್ಮೆ ಹೆಪ್ಪುಗಟ್ಟಿದ್ದು ಗೊತ್ತಾದರಂತೂ ಕಣ್ಣಿಗೆ ಚೆನ್ನಾಗಿ ಕಂಡರೂ ಎಸೆಯಬೇಕು. ಶಕ್ತಿ ಕುಂದಿದ್ದು ಎಲ್ಲ ಸಲ ಕಣ್ಣಿಗೆ ಕಾಣುವುದಿಲ್ಲ. ಊಟ, ಪ್ರಮಾಣ ಎಲ್ಲ ಮೊದಲಿನಂತೆಯೇ ಇದ್ದು ಸಕ್ಕರೆ ಏರುತ್ತ ಹೋದರೆ ಬಾಟಲಿಯ ಮೇಲೆ ಸಂಶಯಪಡಬೇಕು. ತಾವಾಗಿಯೇ ಯೂನಿಟ್ ಏರಿಸಿಕೊಂಡರೆ ಹೊಸ ಬಾಟಲಿ ಬಂದ ದಿನ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯಬಹುದು.

ಡಯಾಲಿಸಿಸ್ ರೋಗಿಗಳು ರಕ್ತಹೀನತೆಗೆ ತೆಗೆದುಕೊಳ್ಳುವ ಎರಿಥ್ರೊಪೊಯೆಟಿನ್, ಈಚೆಗೆ ಬಂದಿರುವ ಸೆಮಾಗ್ಲುಟೈಡ್ ಪೆನ್ನುಗಳಿಗೂ ಹೆಪ್ಪುಗಟ್ಟಿಸಬಾರದೆಂಬ ನಿಯಮ ಒಂದೇ. ಹೊರಗೆ ಎಷ್ಟು ದಿನ ತಾಳುತ್ತವೆ ಎಂಬುದು ಮಾತ್ರ ಒಂದೊಂದಕ್ಕೆ ಒಂದೊಂದು ಬಗೆ. ಇನ್ಸುಲಿನ್‌ನ ಲೆಕ್ಕವನ್ನು ಅವಕ್ಕೆ ಹಚ್ಚಬಾರದು. ಔಷಧಿ ಕೊಂಡಾಗಲೇ ಮೆಡಿಕಲ್‌ನವರಿಂದ ಚೀಟಿ ಓದಿಸಿಕೊಂಡು, ಎಷ್ಟು ಡಿಗ್ರಿ, ಎಷ್ಟು ದಿನ ಎಂಬ ಎರಡು ಅಂಕಿಗಳನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳಿ. ಫ್ರಿಜ್ ಇಲ್ಲವೆಂದೋ, ರಾತ್ರಿಯಿಡೀ ಕರೆಂಟು ಇರಲಿಲ್ಲವೆಂದೋ ಇನ್ಸುಲಿನ್ ಬಿಡಬೇಡಿ. ಅದನ್ನೇ ನಂಬಿರುವ ಟೈಪ್ 1 ಮಧುಮೇಹದ ಮಗುವಿಗೆ ಒಂದೆರಡು ದಿನ ಇನ್ಸುಲಿನ್ ತಪ್ಪಿದರೆ ಜೀವಕ್ಕೇ ಅಪಾಯ.