ಪದವಿನ ಕಲ್ಲಲ್ಲಿ ಹೂ ಬರುವುದು ಹೇಗೆ?

ಮಳೆಗಾಲದಲ್ಲಿ ಫಳ್ನೀರ್ ಕಡೆ ಹೋದರೆ ಹಳೇ ಮುರಕಲ್ಲಿನ ಕಾಂಪೌಂಡ್ ಗೋಡೆಗಳನ್ನು ಒಮ್ಮೆ ನೋಡಿ. ಪ್ಲಾಸ್ಟರ್ ಇಲ್ಲದ ಕಡೆ ಪಾಚಿ, ಪುಟ್ಟ ಜರೀಗಿಡ ಎಲ್ಲ ಬಂದಿರ್ತದೆ. ಮಣ್ಣೇ ಇಲ್ಲ, ಆದ್ರೂ ಗಿಡ ಉಂಟು. ಇದೇ ಕಥೆ ದೊಡ್ಡದಾಗಿ ನಡೆಯುವುದು ನಮ್ಮ ಪದವುಗಳಲ್ಲಿ, ಅಂದ್ರೆ ಮುರಕಲ್ಲಿನ ಸಪಾಟು ಗುಡ್ಡಗಳಲ್ಲಿ.

ಮುರಕಲ್ಲು ಅಂದ್ರೆ ಲ್ಯಾಟರೈಟ್. 1807ರಲ್ಲಿ ಈ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಲ್ಯಾಟಿನ್‌ನಲ್ಲಿ 'ಲೇಟರ್' ಅಂದ್ರೆ ಇಟ್ಟಿಗೆ. ಬಂಡೆಯಲ್ಲಿದ್ದ ಸಿಲಿಕಾ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲ ಮಳೆಗೆ ತೊಳೆದುಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್ ಉಳಿದ ಕಲ್ಲು ಇದು.

ಗಿಡಕ್ಕೆ ಇಲ್ಲಿ ಮೂರು ಪ್ರಾಬ್ಲಮ್. ಒಂದು, ಮಣ್ಣು ಕೆಲವೇ ಸೆಂಟಿಮೀಟರ್. ಎರಡು, ನೀರು. ಮಂಗಳೂರಿಗೆ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ, ಆದರೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಕಾದ ಕಾವಲಿ. ಮೂರು, ಪೋಷಕಾಂಶ. ಸಾರಜನಕ ಕಡಿಮೆ, ಇರುವ ರಂಜಕವನ್ನೂ ಕಬ್ಬಿಣ ಹಿಡಿದಿಟ್ಟುಕೊಳ್ತದೆ.

ಹಾಗಾಗಿ ಇಲ್ಲಿ ಹೆಚ್ಚಿನವು ಸಣ್ಣ, ಏಕವಾರ್ಷಿಕ ಗಿಡಗಳು. ಮಳೆಯಲ್ಲಿ ಮೊಳೆತು, ಹೂಬಿಟ್ಟು, ಬೀಜ ಉದುರಿಸಿ ಮುಗಿಸ್ತವೆ. ಬೇಸಿಗೆಯನ್ನು ದಾಟುವುದು ಬೀಜ ಮಾತ್ರ. ನೀರು ನಿಂತ ಹೊಂಡದಲ್ಲಿ ಒಂದು ಜಾತಿ, ತೆಳು ಮಣ್ಣಿನಲ್ಲಿ ಇನ್ನೊಂದು, ಕಲ್ಲಿನ ಬಿರುಕಿನಲ್ಲಿ ಮತ್ತೊಂದು. ಬಿಳಿ ಗುಂಡಿಯಂಥ ಹೂವಿನ ಎರಿಯೋಕಾಲನ್ ಒದ್ದೆ ಜಾಗದ್ದು.

ಸಾರಜನಕಕ್ಕೆ ಕೆಲವು ಗಿಡಗಳು ಬೇಟೆಯಾಡ್ತವೆ. ಡ್ರಾಸೆರಾದ ಎಲೆ ಮೇಲೆ ಅಂಟು ಹನಿ, ಕೂತ ಕೀಟ ಏಳುವುದಿಲ್ಲ. ನೀಲಿ ಹೂವಿನ ಯುಟ್ರಿಕ್ಯುಲೇರಿಯದ್ದು ಪಕ್ಕಾ ಮೆಕ್ಯಾನಿಕಲ್ ಡಿಸೈನ್. ಒದ್ದೆ ಮಣ್ಣಿನಡಿ ಅದಕ್ಕೆ ಚಿಕ್ಕ ಚಿಕ್ಕ ಚೀಲಗಳು. ಒಳಗಿನ ನೀರನ್ನು ಹೊರಗೆ ಪಂಪ್ ಮಾಡಿ ಒತ್ತಡ ಇಳಿಸಿಡ್ತದೆ. ಸೂಕ್ಷ್ಮಜೀವಿ ಬಂದು ಬಾಗಿಲಿಗೆ ತಾಗಿದರೆ ಬಾಗಿಲು ಬಕಲ್ ಆಗಿ ತೆರೆದು, ನೀರಿನ ಜೊತೆ ಜೀವಿಯೂ ಒಳಗೆ! ಎಲ್ಲ ಕೆಲವೇ ಮಿಲಿಸೆಕೆಂಡಿನಲ್ಲಿ. ಕಾಸರಗೋಡು ಕಡೆಯ ಮಲಯಾಳಂನಲ್ಲಿ ಇದು ಕಾಕ್ಕಪ್ಪೂವು, ಓಣಂ ಪೂಕಳಕ್ಕೆ ಬೇಕು.

ಸರ್ಪೆಂಟೈನ್ ಬಂಡೆಯ ಗಿಡಗಳಿಗೆ ನಿಕಲ್ ಕಾಟ, ಇಲ್ಲಿಯವಕ್ಕೆ ಹಸಿವಿನ ಕಾಟ. ಎರಡೂ ಕಡೆ ಬೇರೆ ಗಿಡ ಬದುಕದ ಜಾಗವೇ ಇವುಗಳ ಮನೆ. ಸತಾರಾದ ಕಾಸ್ ಕೂಡ ಬಸಾಲ್ಟ್ ಮೇಲಿನ ಮುರಕಲ್ಲಿನ ಪದವೇ. ಅದು 2012ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ, ನೋಡಲು ಟಿಕೆಟ್ ಉಂಟು. ನಮ್ಮ ಪದವು ಮಾತ್ರ "ಖಾಲಿ ಜಾಗ". ಕಲ್ಲು ಕಡಿದಾಗ ಆ ತೆಳು ಮಣ್ಣು, ಅದರೊಳಗಿನ ಬೀಜ ಎರಡೂ ಹೋಗ್ತವೆ. ಮೇಲೆ ಮಣ್ಣು ತುಂಬಿಸಿ ಅಕೇಶಿಯಾ ನೆಟ್ಟರೂ ಅಷ್ಟೇ, ನೆರಳಲ್ಲಿ ಇವು ಬದುಕುವುದಿಲ್ಲ. ನಾಳೆ ಸೈಟ್ ಸರ್ವೆ ಮಾಡುವವರು ನಾವೇ ಅಲ್ವಾ? ಮಾರ್ಚ್‌ನಲ್ಲಿ ನೋಡಿ "ಏನೂ ಇಲ್ಲ" ಅಂತ ಬರೆಯುವ ಮೊದಲು, ಆಗಸ್ಟ್‌ನಲ್ಲಿ ಒಮ್ಮೆ ಹೋಗಿ ಬರಬೇಕು.